ಮೇಜರ್ ಪತ್ನಿಗೆ ಎರಡು ಗೌನು

ಆದೇಶ ಬಂದ ಹೊತ್ತಿಗೆ ಮೇಜರ್ ಹೊಳೆಯ ನಡುವೆ ಸೊಂಟದ ತನಕ ನೀರಿನಲ್ಲಿ ನಿಂತಿದ್ದಳು. ತೇಲುಸೇತುವೆಯ ಆರನೆಯ ದೋಣಿಯ ಕೊಂಡಿ ಏನು ಮಾಡಿದರೂ ಕೂರುತ್ತಿರಲಿಲ್ಲ. ದಡದ ಮೇಲಿದ್ದ ಹವಾಲ್ದಾರ ಕಾಗದ ಬೀಸುತ್ತ ಕೂಗಿದ.

"ಮೇಡಂ, ಫಾರಿನ್ ಪೋಸ್ಟಿಂಗು! ಮೂರು ವರ್ಷ!"

"ಮೊದಲು ಇಳಿದು ಬಂದು ಇದನ್ನ ಹಿಡ್ಕೊಳಯ್ಯ. ಫಾರಿನ್ನು ಎಲ್ಲೂ ಓಡಿಹೋಗಲ್ಲ."

ಕೊಂಡಿ ಕೂತಿತು. ಅವಳು ಒದ್ದೆ ಬೂಟಿನಲ್ಲೇ ದಡ ಹತ್ತಿ ಕಾಗದ ಓದಿದಳು. ದೂರದ ಒಂದು ಚಳಿದೇಶದ ರಾಜಧಾನಿ, ಅಲ್ಲಿನ ರಾಯಭಾರ ಕಚೇರಿಯಲ್ಲಿ ಸೇನಾ ಪ್ರತಿನಿಧಿಯ ಹುದ್ದೆ. ವರ್ಷದಲ್ಲಿ ಆರು ತಿಂಗಳು ಹಿಮ ಬೀಳುವ ಜಾಗ. ಆ ಹುದ್ದೆಗೆ ಹೆಂಗಸೊಬ್ಬಳನ್ನು ಕಳಿಸುತ್ತಿರುವುದು ಅದೇ ಮೊದಲು. ಕಾಗದದ ಅಡಿಯಲ್ಲಿ ಸಣ್ಣಕ್ಷರದ ಒಂದು ಸಾಲಿತ್ತು: 'ಹೊರಡುವ ಮುನ್ನ ಬಟ್ಟೆ ಭತ್ಯೆ ವಿಭಾಗವನ್ನು ಕಾಣತಕ್ಕದ್ದು.'

ಆ ಸಾಲು ಅವಳ ಕಣ್ಣಿಗೆ ಬೀಳಲೇ ಇಲ್ಲ. ಮನೆಯಲ್ಲಿ ಅದನ್ನೇ ಮೊದಲು ಓದಿದವರು ಅವಳ ಅಪ್ಪ.

ಅಪ್ಪ ಸೈನ್ಯದ ದರ್ಜಿ. ಉಗ್ರಾಣದ ಹಿಂದಿನ ಉದ್ದನೆಯ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತು ಅಧಿಕಾರಿಗಳಿಗೆ ಕೋಟು, ಪ್ಯಾಂಟು, ಸಮಾರಂಭದ ಉಡುಪು ಹೊಲಿದು ನಿವೃತ್ತರಾದವರು. ಎಲ್ಲರೂ ಅವರನ್ನು ಮಾಸ್ಟರು ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದರು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಹೊಲಿಗೆ ಮಿಷನ್ನು, ಮತ್ತೆ ಯಾರೂ ಮುಟ್ಟಬಾರದ ಒಂದು ಕತ್ತರಿ. ಮಿಷನ್ನು ಮುಂದಿನ ಕೋಣೆಯ ಕಿಟಕಿಯ ಹತ್ತಿರ ಕೂತಿತು. ಸೋಫಾ ಒಳಗಿನ ಕೋಣೆಗೆ ಹೋಯಿತು. ಬಂದ ನೆಂಟರೂ ಒಳಗಿನ ಕೋಣೆಗೇ ಹೋಗಬೇಕಾಯಿತು.

ಮಗಳು ಅಧಿಕಾರಿಯಾದ ದಿನದ ಪಥಸಂಚಲನದಲ್ಲಿ ಎಲ್ಲ ಅಪ್ಪ ಅಮ್ಮಂದಿರೂ ಅತ್ತಿದ್ದರು. ಮಾಸ್ಟರೂ ಅತ್ತಿದ್ದರು, ಆದರೆ ಬೇರೆ ಕಾರಣಕ್ಕೆ. ಮಗಳ ಸಮವಸ್ತ್ರವನ್ನು ಯಾರೋ ಗುತ್ತಿಗೆಯವರು ನೂರರ ಲೆಕ್ಕದಲ್ಲಿ ಹೊಲಿದು ಕೊಟ್ಟಿದ್ದರು. ಎಡಭುಜದ ಹೊಲಿಗೆ ಅರ್ಧ ಇಂಚು ಕೆಳಕ್ಕೆ ಜಾರಿತ್ತು. "ಸೆಲ್ಯೂಟ್ ಮಾಡೋವಾಗ ಕಾಲರ್ ಪಕ್ಕ ಸುಕ್ಕು ಬಿತ್ತಲ್ಲಮ್ಮ," ಎಂಬುದೇ ಅವರು ಮಗಳನ್ನು ತಬ್ಬಿಕೊಂಡು ಹೇಳಿದ ಮೊದಲ ಮಾತು. ಹೊಸ ನಿಯಮದ ಪ್ರಕಾರ ಸಮವಸ್ತ್ರ ಆ ಗುತ್ತಿಗೆಯವರ ಹತ್ತಿರವೇ ಹೊಲಿಸಬೇಕಿತ್ತು. ಹಾಗಾಗಿ ಹದಿಮೂರು ವರ್ಷದಿಂದ ಆ ಸುಕ್ಕು ಮನೆಯ ನಾಲ್ಕನೆಯ ಸದಸ್ಯನ ಹಾಗೆ ಅವರ ಜೊತೆಯಲ್ಲೇ ಇತ್ತು.

ಮೂರನೆಯ ಸದಸ್ಯ ಮೇಜರಳ ಗಂಡ. ಊರ ಈಜುಕೊಳದಲ್ಲಿ ಈಜು ಕಲಿಸುವವನು. ಕೋಚು ಎಂದರೆ ಇಡೀ ಬಡಾವಣೆಗೆ ಗೊತ್ತು. ಆಳು ಬಾಗಿಲಿನಷ್ಟು ಅಗಲ. ಚಡ್ಡಿ, ಬನಿಯನ್ನು, ಕುತ್ತಿಗೆಗೆ ಒಂದು ಸೀಟಿ, ಇಷ್ಟೇ ಅವನ ಉಡುಪು. ಮದುವೆಯ ದಿನ ಗೆಳೆಯನ ಕೋಟು ಹಾಕಿಕೊಂಡು ಬಂದಿದ್ದ. ರಿಜಿಸ್ಟರಿನಲ್ಲಿ ಸಹಿ ಹಾಕಲು ಬಗ್ಗಿದಾಗ ಬೆನ್ನು ಪರ್ರನೆ ಹರಿದಿತ್ತು. ಆ ಸದ್ದು ಕೇಳಿ ಮಾಸ್ಟರು ಕಣ್ಣು ಮುಚ್ಚಿಕೊಂಡಿದ್ದರು.

"ಬಟ್ಟೆ ಭತ್ಯೆ ಅಂದ್ರೆ ಏನು ಮಾವ?" ಎಂದು ಕೋಚು ಕೇಳಿದ.

"ಹೊರದೇಶಕ್ಕೆ ಹೋಗೋ ಅಧಿಕಾರಿ ನಮ್ಮ ದೇಶದ ಮರ್ಯಾದೆ ಹೊತ್ಕೊಂಡು ಹೋಗ್ತಾರೆ ಅಳಿಯಂದ್ರೇ. ಹರಕು ಬಟ್ಟೆಯಲ್ಲಿ ಹೋದ್ರೆ ಆಗುತ್ತಾ? ಅದಕ್ಕೆ ಸರ್ಕಾರ ಬಟ್ಟೆ ಕೊಡುತ್ತೆ. ನನ್ನ ಕಾಲದಲ್ಲಿ ಉಗ್ರಾಣದಿಂದ ಥಾನುಗಟ್ಟಲೆ ಬರ್ತಿತ್ತು. ಎಂಥಾ ಉಣ್ಣೆ! ಕೈಗೆ ತಗೊಂಡ್ರೆ ಬೆಕ್ಕಿನ ಮರಿ ಇದ್ದಂಗೆ." ಅವರು ಸ್ವಲ್ಪ ತಡೆದು, "ಈಗ ಎಲ್ಲಿ ಹೊಲಿಸಬೇಕು ಅಂತಿದೆಯೋ ಏನೋ. ಸ್ವಲ್ಪ ಕೇಳ್ಕೊಂಡು ಬಾಮ್ಮ," ಎಂದರು. ಕೇಳುವಾಗ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದರು.

ಬಟ್ಟೆ ಭತ್ಯೆ ವಿಭಾಗ ಹಳೇ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಕಾರಿಡಾರಿನ ತುದಿಯಲ್ಲಿತ್ತು. ಒಂದು ಮೇಜು, ಎರಡು ಕಬ್ಬಿಣದ ಬೀರು, ಗೋಡೆಯ ಮೇಲೆ ಪ್ರಪಂಚದ ನಕ್ಷೆ. ನಕ್ಷೆಯಲ್ಲಿ ಬಿಸಿದೇಶಗಳಿಗೆ ಕೆಂಪು ಗುಂಡುಪಿನ್ನು, ಚಳಿದೇಶಗಳಿಗೆ ನೀಲಿ. ಮೇಜಿನ ಹಿಂದಿದ್ದ ಗುಮಾಸ್ತರು ಮಾತು ಮಾತಿಗೂ ನಿಯಮದ ಕಲಮು ಹೇಳುತ್ತಿದ್ದುದರಿಂದ ಕಚೇರಿಗೆಲ್ಲ ಕಲಂ ಸಾರ್ ಆಗಿದ್ದರು. ಒಣಗಿದ ಆಳು, ಮೂಗಿನ ತುದಿಗೆ ಕನ್ನಡಕ.

"ನೀಲಿ ಪಿನ್ನು," ಎಂದರು ಅವರು ಆದೇಶ ಓದಿ. "ಅದೃಷ್ಟ ಮಾಡಿದ್ರಿ ಮೇಡಂ. ಕೆಂಪಿಗೆ ಬರೀ ಹತ್ತಿ ಬಟ್ಟೆ. ನೀಲಿಗೆ ಉಣ್ಣೆ. ಬಟ್ಟೆ ಉಗ್ರಾಣದಿಂದ ಬರುತ್ತೆ, ಹೊಲಿಗೆ ನಿಮ್ಮಿಷ್ಟ. ಕಲಂ ಏಳು."

"ಯಾರ ಹತ್ರ ಬೇಕಾದ್ರೂ ಹೊಲಿಸಬಹುದಾ?"

"ಯಾರ ಹತ್ರ ಬೇಕಾದ್ರೂ. ಹೊರಡೋ ಮುಂಚೆ ತಪಾಸಣೆ ಸಮಿತಿ ಮುಂದೆ ಹಾಕ್ಕೊಂಡು ತೋರಿಸಬೇಕು, ಅಷ್ಟೆ."

ಮೇಜರಳ ಮುಖ ಅರಳಿತು. ಅವರು ಮೂರು ಹಾಳೆಯ ಒಂದು ಫಾರಂ ಮುಂದಿಟ್ಟರು. 'ಅ' ಭಾಗ ಅಧಿಕಾರಿಗೆ: ಸಮಾರಂಭದ ಸಮವಸ್ತ್ರ, ಔತಣದ ಉಡುಪು, ದೊಡ್ಡ ಕೋಟು. ಅವಳು ಸರಸರನೆ ತುಂಬಿಸಿದಳು. 'ಆ' ಭಾಗಕ್ಕೆ ಬಂದಾಗ ಪೆನ್ನು ನಿಂತಿತು. ಅಲ್ಲಿ ಬರೆದಿತ್ತು: 'ಅಧಿಕಾರಿಯ ಪತ್ನಿಗೆ: ಸಂಜೆಯ ಗೌನು ಎರಡು, ದೊಡ್ಡ ಕೋಟು ಒಂದು, ಲೇಸು ನಾಲ್ಕು ಗಜ.'

"ಸಾರ್, ನನಗೆ ಪತ್ನಿ ಇಲ್ಲ. ಪತಿ ಇದ್ದಾರೆ."

"ಹೂಂ. ಆದರೆ ಫಾರಂನಲ್ಲಿ ಪತ್ನಿ ಅಂತಿದೆ."

"ಅದನ್ನ ಹೊಡೆದುಹಾಕಿ ಪತಿ ಅಂತ ಬರೀಲಾ?"

ಕಲಂ ಸಾರ್ ಕನ್ನಡಕ ತೆಗೆದರು. ಯಾರೋ ತಮ್ಮ ಮೇಜಿನ ಮೇಲೆ ಬೂಟು ಇಟ್ಟ ಹಾಗಿತ್ತು ಅವರ ಮುಖ. "ತಿದ್ದಿದ ಫಾರಂ ಅಸಿಂಧು, ಮೇಡಂ. ಕಲಂ ಮೂರು."

"ಹಾಗಾದ್ರೆ ಆ ಭಾಗ ಖಾಲಿ ಬಿಡ್ತೀನಿ."

"ಮದುವೆಯಾದ ಅಧಿಕಾರಿ ಖಾಲಿ ಬಿಡೋ ಹಾಗಿಲ್ಲ. ಬಿಟ್ಟರೆ 'ಅ' ಭಾಗಾನೂ ಪಾಸಾಗಲ್ಲ."

"ಈಜು ಕಲಿಸೋ ಗಂಡಸಿಗೆ ಗೌನು ಕೊಡ್ತೀರಾ ಸಾರ್?"

"ನಾನು ಕೊಡಲ್ಲ ಮೇಡಂ. ನಿಯಮ ಕೊಡುತ್ತೆ." ಅವರು ಮೂರನೆಯ ಹಾಳೆ ತಿರುಗಿಸಿದರು. "'ಇ' ಭಾಗ. ಅವಲಂಬಿತರು. ತಂದೆ ಜೊತೇಲಿದ್ದಾರೆ ಅಂತ ನಿಮ್ಮ ದಾಖಲೇಲಿದೆ. ಅವರಿಗೊಂದು ದೊಡ್ಡ ಕೋಟು."

"ಅಪ್ಪ ಬರಲ್ಲ ಅಂತಿದ್ದಾರೆ."

"ಬರೋದು ಬಿಡೋದು ಅವರಿಷ್ಟ. ಭಾಗ ತುಂಬಿಸೋದು ನಿಮ್ಮ ಕರ್ತವ್ಯ."

ಅವಳು ತುಂಬಿಸಿದಳು. ಹತ್ತು ದಿನಕ್ಕೆ ಮಂಜೂರಾತಿ ಪತ್ರ ಮನೆಗೆ ಬಂತು. ಕೋಚು ಅದನ್ನು ಬಾಗಿಲಲ್ಲೇ ಒಡೆದು, ಮೊದಲು ತನ್ನೊಳಗೆ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಓದಿದ: "ಮೇಜರ್ ಅವರ ಪತ್ನಿ, ವಯಸ್ಸು ಮೂವತ್ತೆಂಟು, ವೃತ್ತಿ ಈಜು ತರಬೇತಿ, ಇವರಿಗೆ ಸಂಜೆಯ ಗೌನು ಎರಡು." ಓದಿ ಮುಗಿಸಿ ಗೋಡೆಗೆ ಒರಗಿ ನಗಲು ಶುರುಮಾಡಿದವನು ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳುವ ತನಕ ನಿಲ್ಲಿಸಲಿಲ್ಲ. ಅವರಿಗೂ ಓದಿ ತೋರಿಸಿದ. ಸಂಜೆಯ ಹೊತ್ತಿಗೆ ಈಜುಕೊಳದಲ್ಲಿ ಮಕ್ಕಳ ತಾಯಂದಿರು "ಯಾವ ಬಣ್ಣ ಸಾರ್?" ಎಂದು ಕೇಳತೊಡಗಿದ್ದರು.

"ರೀ, ಸ್ವಲ್ಪ ನಾಚಿಕೆ ಇಟ್ಕೊಳ್ಳಿ," ಎಂದಳು ಮೇಜರ್.

"ಹೊಸದಾಗಿ ಬಂದಿರೋ ಹೆಂಡ್ತಿಗೆ ನಾಚಿಕೆ ಇದ್ದೇ ಇರುತ್ತೆ ಕಣೇ," ಎಂದ ಅವನು.

ಮಾಸ್ಟರು ಮಾತ್ರ ನಗಲಿಲ್ಲ. ಉಗ್ರಾಣದ ಜೀಪು ಬಟ್ಟೆಯ ಗಂಟು ಇಳಿಸಿ ಹೋಗಿತ್ತು. ಅವರು ಕೈತೊಳೆದು, ಒರೆಸಿಕೊಂಡು, ಗಂಟು ಬಿಚ್ಚುತ್ತಿದ್ದರು. ಮಗಳ ಸಮವಸ್ತ್ರಕ್ಕೆ ಹಸಿರು ಉಣ್ಣೆ. ದೊಡ್ಡ ಕೋಟುಗಳಿಗೆ ಬೂದು ಬಣ್ಣದ ದಪ್ಪ ಬಟ್ಟೆ. ಅದರಡಿಯಲ್ಲಿ ಗೌನುಗಳಿಗೆಂದು ಕೊಟ್ಟದ್ದು. ಚಳಿದೇಶದ ಗೌನಾದ್ದರಿಂದ ಅದೂ ಉಣ್ಣೆಯೇ. ಕಡುನೀಲಿ, ತೆಳು, ಬೆರಳ ಮೇಲಿಂದ ನೀರಿನ ಹಾಗೆ ಜಾರುವಂಥದ್ದು. ಒಳಗೆ ಅಸ್ತರಿಗೆ ಗುಲಾಬಿ ಬಣ್ಣದ ಸ್ಯಾಟಿನ್. ಕೊನೆಗೆ ನಾಲ್ಕು ಗಜ ಬಿಳಿ ಲೇಸು.

ಅವರು ನೀಲಿ ಬಟ್ಟೆಯ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗಜಕಡ್ಡಿ ಇಟ್ಟು ಅಳೆದರು. ಆಮೇಲೆ ಅಳಿಯನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಇಬ್ಬರು ಹೆಂಗಸರ ಬಟ್ಟೆ. ಒಬ್ಬ ಅಳಿಯಂದ್ರಿಗೆ ಸರಿಹೋಗುತ್ತೆ," ಎಂದರು. "ಒಂದು ಕೋಟು, ಒಳಗೊಂದು ವೇಸ್ಟ್‌ಕೋಟು, ಎರಡು ಪ್ಯಾಂಟು. ನಿಂತ್ಕೊಳ್ಳಿ."

"ಅಪ್ಪ, ಗೌನು ಅಂತ ಮಂಜೂರಾಗಿರೋದು. ತಪಾಸಣೇಲಿ ಸೂಟು ತೋರಿಸಿದ್ರೆ ಎಲ್ಲಾ ವಾಪಸ್ ಕಳಿಸಿಬಿಡ್ತಾರೆ," ಎಂದಳು ಮೇಜರ್.

"ಅವರ ಕೆಲಸ ಅವರು ಮಾಡ್ಲಿ. ಇಂಥ ಬಟ್ಟೇನ ಗಂಟಲ್ಲಿ ಕಟ್ಟಿಡೋ ಪಾಪ ನನಗೆ ಬೇಡ."

ಅಲ್ಲಿಂದ ಮೂರು ವಾರ ಆ ಮನೆಯಲ್ಲಿ ಮಿಷನ್ನಿನದೇ ಮಾತು. ಮಾಸ್ಟರು ಬೆಳಗಿನ ಕಾಫಿ ಕುಡಿದು ಕೂತರೆ ಊಟಕ್ಕೆ ಎರಡು ಸಲ ಕರೆಯಬೇಕಿತ್ತು. ನೆಲದ ತುಂಬ ಅಳತೆಗೆ ಕತ್ತರಿಸಿದ ಕಂದು ಕಾಗದದ ಮಾದರಿಗಳು. ಸೀಮೆಸುಣ್ಣದ ಪುಡಿ ಚಪ್ಪಲಿಗಂಟಿ ಅಡುಗೆಮನೆಯ ತನಕ ಹೋಗುತ್ತಿತ್ತು. ಕೋಚಿನ ಎದೆಯ ಸುತ್ತ ಟೇಪು ಸುತ್ತಿದಾಗ ಎರಡು ತುದಿ ಸೇರಿಸಲು ಮಾಸ್ಟರು ಅವನನ್ನು ತಬ್ಬಿಕೊಂಡ ಹಾಗೇ ಆಗುತ್ತಿತ್ತು.

"ಹತ್ತು ವರ್ಷದಲ್ಲಿ ಮಾವ ಒಂದು ಸಲಾನೂ ತಬ್ಬಿಕೊಂಡಿರಲಿಲ್ಲ," ಎಂದ ಕೋಚು.

"ಮಾತಾಡಬೇಡಿ, ಎದೆ ಹಿಗ್ಗುತ್ತೆ. ನಲವತ್ತೊಂಬತ್ತು. ಅಬ್ಬಬ್ಬಾ! ಮೂವತ್ತೊಂದು ವರ್ಷದಲ್ಲಿ ನಲವತ್ತೇಳು ದಾಟಿದ್ದು ನಾನು ನೋಡಿಲ್ಲ." ಅವರ ದನಿಯಲ್ಲಿ ಆ ಎದೆಯನ್ನು ತಾವೇ ಸಾಕಿ ಬೆಳೆಸಿದಷ್ಟು ಹೆಮ್ಮೆಯಿತ್ತು.

ಮಗಳ ಅಳತೆಗೆ ಮಾತ್ರ ಟೇಪನ್ನು ಜೇಬಿನಿಂದ ತೆಗೆಯುವುದಕ್ಕೇ ಅವರಿಗೆ ಒಂದು ದಿನ ಹಿಡಿಯಿತು. ಭಾನುವಾರ ಬೆಳಿಗ್ಗೆ ಅವಳನ್ನು ಕಿಟಕಿಯ ಮುಂದೆ ನಿಲ್ಲಿಸಿದರು. ಅಳೆಯುವ ಮೊದಲು ಎರಡು ಹೆಗಲ ಮೇಲೂ ಅಂಗೈ ಇಟ್ಟು ನೋಡಿದರು.

"ನಿನ್ನ ಎಡಭುಜ ಬಲಕ್ಕಿಂತ ಸ್ವಲ್ಪ ಇಳಿದಿದೆ. ಗೊತ್ತಾ ನಿನಗೆ?"

"ಇಲ್ಲಪ್ಪ."

"ಎರಡನೇ ಕ್ಲಾಸಿಂದ ಬ್ಯಾಗನ್ನ ಒಂದೇ ಕಡೆ ಹಾಕ್ಕೊಂಡು ಓಡ್ತಿದ್ದೆ. ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ. ಗುತ್ತಿಗೆಯವನು ಎರಡೂ ಕಡೆ ಒಂದೇ ಅಂತ ಕತ್ತರಿಸಿದ್ದಾನೆ. ಅವನದೇನು ತಪ್ಪು? ಅವನಿಗೆ ನಿನ್ನ ಬ್ಯಾಗು ಗೊತ್ತಿರಲಿಲ್ಲವಲ್ಲ."

ಹದಿಮೂರು ವರ್ಷದಿಂದ ಬೈಯುತ್ತ ಬಂದ ಗುತ್ತಿಗೆದಾರನನ್ನು ಅವರು ಹೀಗೆ ಒಂದೇ ಮಾತಿನಲ್ಲಿ ಕ್ಷಮಿಸಿದ್ದನ್ನು ಕೇಳಿ ಮೇಜರಳಿಗೆ ನಗು ಬಂತು, ಕಣ್ಣೂ ತುಂಬಿತು. "ಅಲ್ಲಾಡಬೇಡ," ಎಂದರು ಮಾಸ್ಟರು. ಹೊಲಿಯುವಾಗ ಕೋಟಿನ ಎಡಭುಜದ ಒಳಗೆ ತೆಳ್ಳನೆಯ ಕ್ಯಾನ್ವಾಸಿನ ಒಂದು ಪದರ ಕೂಡಿಸಿದರು. ಕಚ್ಚಾ ಹೊಲಿಗೆಯ ಕೋಟು ತೊಡಿಸಿ ಸೆಲ್ಯೂಟ್ ಮಾಡೆಂದರು. ಅವಳು ಮಾಡಿದಳು. ಮತ್ತೊಮ್ಮೆ ಮಾಡಿಸಿದರು, ಪಕ್ಕಕ್ಕೆ ತಿರುಗಿಸಿ ಮಾಡಿಸಿದರು. ಕಾಲರಿನ ಪಕ್ಕ ಬಟ್ಟೆ ನುಣ್ಣಗೆ, ಇಸ್ತ್ರಿ ಹಾಕಿಟ್ಟ ಹಾಗೆ ಕೂತಿತ್ತು. ಅವರು ಒಳಗೆ ಹೋಗಿ ಎರಡು ಲೋಟ ನೀರು ಕುಡಿದು ಬಂದರು.

ಉಳಿದದ್ದು ಅವರದೇ ಕೋಟು. ಅದನ್ನು ದಿನದಿಂದ ದಿನಕ್ಕೆ ಮುಂದೂಡುತ್ತಿದ್ದರು. "ನಾನು ಬರಲ್ಲ. ಈ ಮಂಡಿ ಇಟ್ಕೊಂಡು ಹಿಮದಲ್ಲಿ ಏನು ಮಾಡ್ಲಿ? ಇಲ್ಲೇ ಇರ್ತೀನಿ, ಬೀಗ ಹಾಕೋ ಖರ್ಚು ಉಳಿಯುತ್ತೆ."

"ಬರದೇ ಇದ್ರೂ ಹೊಲೀಬೇಕಪ್ಪ. 'ಇ' ಭಾಗ."

"ನನ್ನ ಅಳತೆ ನಾನೇ ತಗೊಳ್ಳೋಕಾಗುತ್ತಾ?"

ಮೇಜರ್ ಟೇಪು ಕಿತ್ತುಕೊಂಡಳು. ಸೇತುವೆ ಕಟ್ಟುವವಳು ಅಪ್ಪನನ್ನೂ ಹಾಗೇ ಅಳೆದಳು: ಪ್ರತಿ ಅಳತೆ ಮೂರು ಸಲ, ಸರಾಸರಿ ತೆಗೆದು, ಸೆಂಟಿಮೀಟರಿನಲ್ಲಿ, ಒಂದು ಚಿತ್ರ ಬರೆದು ಬಾಣದ ಗುರುತು ಹಾಕಿ. "ಭಾರ ಎಷ್ಟು ತಡೀತೀನಿ ಅಂತಾನೂ ಬರೆದುಬಿಡು," ಎಂದರು ಮಾಸ್ಟರು. ಸರ್ಕಾರದ ಬಟ್ಟೆಯಲ್ಲಿ ಅವರು ಸಾವಿರಾರು ಕೋಟು ಹೊಲಿದಿದ್ದರು. ಹೊಸ ಬಟ್ಟೆಯಲ್ಲಿ ತಮಗೆಂದು ಹೊಲಿದುಕೊಂಡದ್ದು ಅದೇ ಮೊದಲು. ಹೊಲಿಯುವಾಗ ಯಾರೂ ಹತ್ತಿರ ಬರಬಾರದೆಂದರು. ಮೂರನೆಯ ದಿನ ಕನ್ನಡಿಯ ಮುಂದೆ ನಿಂತು ಎಡಗಡೆಯಿಂದ, ಬಲಗಡೆಯಿಂದ ನೋಡಿಕೊಂಡದ್ದನ್ನು ಕೋಚು ಬಾಗಿಲ ಸಂದಿಯಲ್ಲಿ ಕಂಡು ಹೆಂಡತಿಯನ್ನು ಸನ್ನೆ ಮಾಡಿ ಕರೆದ. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು.

ತಪಾಸಣೆ ಬುಧವಾರ ಹನ್ನೊಂದಕ್ಕೆ, ಮುಖ್ಯ ಕಚೇರಿಯ ಎತ್ತರದ ಹಜಾರದಲ್ಲಿ. ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವೆ ಬ್ರಿಗೇಡಿಯರ್. ಬಿಳಿ ಮೀಸೆ, ಮುಖ ನೋಡಿದರೆ ನಕ್ಕು ವರ್ಷವಾಗಿರಬೇಕು. ಹೋದ ತಿಂಗಳು ಒಬ್ಬ ಕರ್ನಲ್ಲನ್ನು ಕೈಗವಸಿನ ಬಣ್ಣ ಸರಿಯಿಲ್ಲವೆಂದು ವಾಪಸು ಕಳಿಸಿದ್ದರಂತೆ. ಪಕ್ಕದ ಚಿಕ್ಕ ಮೇಜಿನಲ್ಲಿ ದಪ್ಪನೆಯ ನಿಯಮದ ಪುಸ್ತಕ ಇಟ್ಟುಕೊಂಡು ಕಲಂ ಸಾರ್ ಕೂತಿದ್ದರು.

ಮೇಜರ್ ಒಳಗೆ ಬಂದು ಸೆಲ್ಯೂಟ್ ಮಾಡಿದಳು. ಬ್ರಿಗೇಡಿಯರ್ ಎದ್ದು ಅವಳ ಸುತ್ತ ಒಂದು ಸುತ್ತು ಬಂದರು. ಹೆಗಲು ನೋಡಿದರು, ಕಾಲರ್ ನೋಡಿದರು, ಬೆನ್ನ ಹಿಂದೆ ನಿಂತು ಇನ್ನೂ ಸ್ವಲ್ಪ ನೋಡಿದರು. "ಹೂಂ," ಎಂದು ಟಿಕ್ ಹಾಕಿದರು. ಆ ಹೂಂಗೆ ಕಲಂ ಸಾರ್ ಹುಬ್ಬೇರಿಸಿದರು. ಅಲ್ಲಿ ಅಷ್ಟು ಸುಲಭಕ್ಕೆ ಯಾರಿಗೂ ಹೂಂ ಸಿಗುತ್ತಿರಲಿಲ್ಲ.

"'ಆ' ಭಾಗ. ಪತ್ನಿ ಬರಲಿ," ಎಂದರು ಬ್ರಿಗೇಡಿಯರ್, ಕಾಗದ ನೋಡುತ್ತಲೇ.

ಬಾಗಿಲು ತೆರೆದು ಕೋಚು ಬಂದ. ಕಡುನೀಲಿ ಸೂಟು. ಅಷ್ಟಗಲದ ಹೆಗಲಿನಿಂದ ಬಟ್ಟೆ ಒಂದು ಕಡೆಯೂ ಎಳೆಯದೆ, ಒಂದು ಕಡೆಯೂ ಜೋಲದೆ ಇಳಿದಿತ್ತು. ಚಡ್ಡಿಯಲ್ಲಿ ದಿನಾ ನೋಡಿದ ಆಸಾಮಿ ಇವನೇನಾ ಎಂದು ಮೇಜರ್ ತಾನೇ ಒಂದು ಗಳಿಗೆ ತಬ್ಬಿಬ್ಬಾದಳು. ಮೇಜಿನ ಎಡಗಡೆ ಕೂತಿದ್ದ ಅಧಿಕಾರಿಗೆ ಕೆಮ್ಮು ಬಂತು.

"ಗೌನೆಲ್ಲಿ?" ಎಂದರು ಬ್ರಿಗೇಡಿಯರ್.

"ಇದೇ ಸಾರ್," ಎಂದ ಕೋಚು. ತುಂಬ ವಿನಯದಿಂದಲೇ ಅಂದ.

ಬ್ರಿಗೇಡಿಯರ್ ಮೇಜರಳ ಕಡೆ ನೋಡಿದರು, ಆಮೇಲೆ ಕಾಗದದ ಕಡೆ. ಮೇಜರ್ ಬಾಯಿ ತೆರೆಯುವುದರೊಳಗೆ ಚಿಕ್ಕ ಮೇಜಿನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಕಲಂ ಸಾರ್ ಎದ್ದು ನಿಂತಿದ್ದರು.

"ಸಾರ್, ಅಪ್ಪಣೆಯಾದರೆ ಓದ್ತೀನಿ. ಕಲಂ ಎರಡು, ಉಪಕಲಂ ಎಂಟು. 'ಪತ್ನಿ ಎಂದರೆ ಅಧಿಕಾರಿಯೊಡನೆ ಕಾನೂನುಬದ್ಧವಾಗಿ ವಿವಾಹವಾಗಿ, ಅಧಿಕಾರಿಯ ಗೃಹಕೃತ್ಯ ನಿರ್ವಹಿಸುತ್ತ, ನೇಮಕದ ಸ್ಥಳಕ್ಕೆ ಅಧಿಕಾರಿಯ ಸಂಗಡ ತೆರಳುವ ವ್ಯಕ್ತಿ.' ವ್ಯಕ್ತಿ ಅಂತಿದೆ ಸಾರ್. ಸ್ತ್ರೀ ಅಂತಿಲ್ಲ."

ಬ್ರಿಗೇಡಿಯರ್ ಕೋಚಿನ ಕಡೆ ತಿರುಗಿದರು. "ಮನೆ ಕೆಲಸ ಮಾಡ್ತೀರಾ?"

"ಅಡುಗೆ ನಂದೇ ಸಾರ್. ಮೇಡಂ ಪಾತ್ರೆ ತೊಳೀತಾರೆ, ಊರಲ್ಲಿದ್ರೆ."

"ಉಪಕಲಂ ಒಂಬತ್ತು," ಎಂದು ಕಲಂ ಸಾರ್ ಮುಂದುವರಿಸಿದರು. ಇಪ್ಪತ್ತಾರು ವರ್ಷದಲ್ಲಿ ಆ ಪುಸ್ತಕವನ್ನು ಯಾರಾದರೂ ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲಿರಬೇಕು. "'ಗೌನು ಎಂದರೆ ಸೂರ್ಯಾಸ್ತದ ನಂತರದ ಸಮಾರಂಭಗಳಲ್ಲಿ ಧರಿಸತಕ್ಕ, ಹೆಗಲಿನಿಂದ ಪಾದದ ಗಂಟಿನವರೆಗೆ ಮೈಯನ್ನು ಗೌರವಯುತವಾಗಿ ಮುಚ್ಚುವ ಉಡುಪು.' ಹೆಗಲು ಮುಚ್ಚಿದೆ ಸಾರ್. ಗಂಟೂ ಮುಚ್ಚಿದೆ. ಗೌರವಾನೂ ಇದೆ."

"ಒಂದೇ ತುಂಡಾಗಿರಬೇಕು ಅಂತಿಲ್ವೇನ್ರೀ?"

"ಇಲ್ಲ ಸಾರ್. ತುಂಡುಗಳ ಬಗ್ಗೆ ನಿಯಮ ಮೌನವಾಗಿದೆ."

"ಇಲ್ಲಿ ಎರಡು ಗೌನು ಅಂತಿದೆ."

"ಪ್ಯಾಂಟು ಎರಡಿದೆ ಸಾರ್. ಬದಲಾಯಿಸಿದ್ರೆ ಎರಡನೇ ಗೌನು."

ಎಡಗಡೆಯ ಅಧಿಕಾರಿ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಬ್ರಿಗೇಡಿಯರರ ಮೀಸೆ ಒಂದು ಸಲ ಅಲುಗಿತು, ಇನ್ನೊಂದು ಸಲ ಅಲುಗಿತು, ಆಮೇಲೆ ಅವರು ಮೇಜಿನ ಮೇಲೆ ಎರಡೂ ಕೈ ಊರಿ ತಲೆ ಬಗ್ಗಿಸಿ, ಹಜಾರದ ಗಾಜುಗಳು ಅದುರುವಂತೆ ನಕ್ಕುಬಿಟ್ಟರು. ಹೊರಗಿನ ಪಹರೆಯವನು ಏನಾಯಿತೋ ಎಂದು ಬಾಗಿಲು ತೆರೆದು ಇಣುಕಿ, ನಗುತ್ತಿರುವವರು ಯಾರೆಂದು ಕಂಡು ಮತ್ತೆ ಮುಚ್ಚಿದ.

"ಇದನ್ನ ಹೊಲಿದವರು ಯಾರು?" ಕಣ್ಣೊರೆಸಿಕೊಂಡು ಕೇಳಿದರು.

"ನಮ್ಮಪ್ಪ ಸಾರ್. 'ಇ' ಭಾಗ," ಎಂದಳು ಮೇಜರ್.

ಮಾಸ್ಟರು ಬೂದು ಬಣ್ಣದ ಕೋಟು ತೊಟ್ಟು, ಕೈಯಲ್ಲಿ ಒಂದು ಚೀಲ ಹಿಡಿದು ಒಳಗೆ ಬಂದರು. ಆ ಹಜಾರಕ್ಕೆ ಮೂವತ್ತೊಂದು ವರ್ಷ ಬಟ್ಟೆ ಕಳಿಸಿದ್ದರು, ಕಾಲಿಟ್ಟಿರಲಿಲ್ಲ. ಚೀಲದಿಂದ ನಾಲ್ಕು ಗಜ ಲೇಸು, ಅಂಗೈಯಗಲದ ನೀಲಿ ಬಟ್ಟೆಯ ಚೂರುಗಳು, ಒಂದು ಸುರುಳಿ ಗುಲಾಬಿ ಸ್ಯಾಟಿನ್ ತೆಗೆದು ಮೇಜಿನ ಮೇಲಿಟ್ಟರು.

"ಉಳಿದಿದ್ದು ಸಾರ್. ಲೇಸು ಎಲ್ಲಿ ಹಾಕೋದು ಅಂತ ಹೊಳೀಲಿಲ್ಲ."

"ಎರಡು ಗೌನಿನ ಬಟ್ಟೆ ಒಬ್ಬರಿಗೇ ಮುಗೀತಾ?"

"ಅಳಿಯಂದ್ರನ್ನ ಇನ್ನೊಂದು ಸಲ ನೋಡಿ ಸಾರ್."

ಬ್ರಿಗೇಡಿಯರ್ ನೋಡಿ, ಒಪ್ಪಿದವರಂತೆ ತಲೆದೂಗಿದರು. ಮಾಸ್ಟರ ಕೋಟನ್ನೂ ಸುತ್ತು ಬಂದು ನೋಡಿ ಮೂರೂ ಭಾಗಕ್ಕೆ ಸಹಿ ಹಾಕಿದರು. "ಹೋಗಿ ಬನ್ನಿ ಮಾಸ್ಟರೇ. ಅಲ್ಲಿಯವರಿಗೆ ನಮ್ಮ ಕೈಕೆಲಸ ತೋರಿಸಿ."

"ನಾನು ಹೋಗ್ತಿಲ್ಲ ಸಾರ್. ಮಂಡಿ ನೋವು. ಫಾರಂಗೋಸ್ಕರ ಹೊಲಿದಿದ್ದು."

ಕಲಂ ಸಾರ್ ಮತ್ತೆ ಪುಸ್ತಕ ತೆರೆದರು. "ಕಲಂ ಹದಿನಾಲ್ಕು. ಹೊರದೇಶದಲ್ಲಿ ಬಳಸದ ಉಡುಪನ್ನು ಉಗ್ರಾಣಕ್ಕೆ ಹಿಂದಿರುಗಿಸತಕ್ಕದ್ದು."

"ಉಗ್ರಾಣಕ್ಕಾ?" ಮಾಸ್ಟರ ಕೈ ತಾನಾಗಿ ಕೋಟಿನ ಗುಂಡಿಯ ಮೇಲೆ ಹೋಯಿತು. "ಆ ಹುಳ ತಿನ್ನೋ ಕೋಣೆಗಾ? ಅಲ್ಲಿ ಗೋಣಿಚೀಲದ ಮೇಲೆ ಎಸೀತಾರೆ ಸಾರ್, ಹ್ಯಾಂಗರಿಗೂ ಹಾಕಲ್ಲ, ನಾನು ಕಂಡಿಲ್ವಾ!" ಅವರು ಮಗಳ ಕಡೆ ತಿರುಗಿದರು. "ವಿಮಾನ ಯಾವತ್ತು?"

ಮೂವರೂ ಹೊರಟದ್ದು ಶನಿವಾರ. ಕಲಂ ಸಾರ್ ವಿಮಾನ ನಿಲ್ದಾಣಕ್ಕೆ ಬಂದಿದ್ದರು. "ಮೇಡಂ, ನೀವು ಫಾರಂ ಬಗ್ಗೆ ಬೇಜಾರು ಮಾಡ್ಕೊಂಡಿದ್ರಿ. ನಾನು ಆಗಲ್ಲ ಅಂದಿರಲಿಲ್ಲ, ತಿದ್ದೋ ಹಾಗಿಲ್ಲ ಅಂದೆ ಅಷ್ಟೆ," ಎಂದರು. ಫಾರಂ ತಿದ್ದುವ ಬದಲು ನಿಯಮವನ್ನೇ ತಿದ್ದಬೇಕೆಂದು ಅವರೇ ಒಂದು ಟಿಪ್ಪಣಿ ಬರೆದಿದ್ದರು, ಬ್ರಿಗೇಡಿಯರ್ ಅದಕ್ಕೆ ಶಿಫಾರಸು ಹಾಕಿದ್ದರು. ಮುಂದಿನ ಮುದ್ರಣದಲ್ಲಿ ಪತ್ನಿಯ ಜಾಗದಲ್ಲಿ ಸಂಗಾತಿ ಎಂದಿರುತ್ತದೆ. "ಲೇಸು ಮಾತ್ರ ತೆಗೆಯೋಕಾಗಲಿಲ್ಲ. ಅದಕ್ಕೆ ಬೇರೆ ಸಮಿತಿ ಇದೆ."

ಚಳಿದೇಶದಲ್ಲಿ ಇಳಿದ ಎರಡನೆಯ ವಾರ ಸ್ವಾಗತ ಸಮಾರಂಭ. ಸಂಜೆ ಆರಕ್ಕೇ ಕತ್ತಲು, ಹೊರಗೆ ಹತ್ತಿ ಉದುರಿದ ಹಾಗೆ ಹಿಮ. ದೊಡ್ಡ ಸಭಾಂಗಣ, ನೂರಾರು ದೀಪ, ಹತ್ತು ದೇಶದ ಅಧಿಕಾರಿಗಳು. ಮೇಜರಳ ಪಕ್ಕ ಗುಂಡಿ ಬಿಚ್ಚಿ ನಿಂತಿದ್ದ ಕೋಚು ತಟ್ಟೆಗೆ ಕೈಚಾಚಿದಾಗ ಕೋಟು ತೆರೆದು ಒಳಗಿನ ಗುಲಾಬಿ ಅಸ್ತರು ಮಿನುಗಿತು. ಯಾವುದೋ ದೇಶದ ರಾಯಭಾರಿಯ ಹೆಂಡತಿ ಅದನ್ನು ಕಂಡು ಆಹಾ ಎಂದರು. ಅವರ ಗಂಡನೂ ನೋಡಿದರು. ಅರ್ಧ ಗಂಟೆಯಲ್ಲಿ ಕೋಚು ಏಳೆಂಟು ಜನಕ್ಕೆ ಕೋಟು ಬಿಚ್ಚಿ ತೋರಿಸಿದ್ದ. ಹೊಲಿದವರು ಎಲ್ಲಿ ಎಂದು ಕೇಳಿದಾಗ ಮಾವನಿಗಾಗಿ ಹುಡುಕಿದರೆ ಮಾವ ಇಲ್ಲ.

ಗಂಡಹೆಂಡತಿ ಇಬ್ಬರೂ ಹುಡುಕಿದರು. ಕೊನೆಗೆ ಅತಿಥಿಗಳ ದೊಡ್ಡ ಕೋಟುಗಳನ್ನು ತೂಗುಹಾಕುವ ಕೋಣೆಯಲ್ಲಿ ಸಿಕ್ಕರು. ಆ ದೇಶದ ಜನರಲ್ಲನ ಕೋಟನ್ನು ಒಳಹೊರಗು ಮಾಡಿ ತೊಡೆಯ ಮೇಲೆ ಹರಡಿಕೊಂಡು, ಕನ್ನಡಕ ಹಣೆಗೇರಿಸಿ, ತೋಳು ಕೂಡಿಸಿದ ಜಾಗಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು. ಅದೇ ಹೊತ್ತಿಗೆ ಹಿಂದಿನಿಂದ ಜನರಲ್ ತಾನೇ ಬಂದ.

ಮಾಸ್ಟರು ತಲೆಯೆತ್ತಿದರು. ಗಾಬರಿಯಾಗಲಿಲ್ಲ. ತೋಳಿನ ಹೊಲಿಗೆಯ ಮೇಲೆ ಬೆರಳಿಟ್ಟು, ಜನರಲ್ಲನ ಮುಖ ನೋಡಿ, "ಇದನ್ನ ಹೊಲಿದ ಪುಣ್ಯಾತ್ಮ ಯಾರು?" ಎಂದು ಕನ್ನಡದಲ್ಲೇ ಕೇಳಿದರು. ಆ ದೇಶದ ಮಾತು ಅಷ್ಟಿಷ್ಟು ಕಲಿತಿದ್ದ ಮೇಜರ್ ತಡವರಿಸುತ್ತ ಅನುವಾದ ಮಾಡಿದಳು. ಜನರಲ್ ಕೆಂಪಗಾಗಿ, ಮಗುವಿನ ಹಾಗೆ ನಕ್ಕ. ನಲವತ್ತು ವರ್ಷದಿಂದ ತನಗೆ ಹೊಲಿಯುವ ಮುದುಕ, ಸೇನೆಯಲ್ಲಿದ್ದವನು, ನದಿಯ ಆಚೆ ಬೀದಿಯಲ್ಲಿ ಅಂಗಡಿ ಇದೆ, ಅವನ ಕೆಲಸವನ್ನು ಇಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ, ಎಂದ. ಮರುದಿನ ಬೆಳಿಗ್ಗೆ ತನ್ನ ಕಾರು ಕಳಿಸಿದ.

ಆ ದಿನ ಹೋದ ಮಾಸ್ಟರು ಸಂಜೆಗೆ ಮನೆಗೆ ಬಂದರು. ಮರುದಿನ ಕಾರು ಬರಲಿಲ್ಲ. ಅವರೇ ಕೋಟು ತೊಟ್ಟು, ಮಂಡಿಗೆ ಪಟ್ಟಿ ಸುತ್ತಿಕೊಂಡು, ಟ್ರಾಮು ಹತ್ತಿ ಹೋದರು. ಅದರ ಮರುದಿನವೂ ಹೋದರು. ವಾರ ಕಳೆಯುವಷ್ಟರಲ್ಲಿ ಅವರಿಗೆ ಆ ಊರಿನ ಟ್ರಾಮಿನ ನಂಬರುಗಳೆಲ್ಲ ಬಾಯಿಪಾಠವಾಗಿದ್ದವು. ಆ ಅಂಗಡಿಯವನಿಗೆ ಇವರ ಭಾಷೆಯ ಒಂದಕ್ಷರ ಬರುವುದಿಲ್ಲ, ಇವರಿಗೆ ಅವನದು ಬರುವುದಿಲ್ಲ. ಮಗಳಿಗೆ ತಡೆಯಲಾಗಲಿಲ್ಲ.

"ಅಪ್ಪ, ಬೆಳಿಗ್ಗೆಯಿಂದ ಸಂಜೆ ತನಕ ಇಬ್ರೂ ಏನು ಮಾತಾಡ್ತೀರಿ?"

ಮಾಸ್ಟರು ಬೂಟಿನ ಹಿಮ ಕೊಡವುತ್ತಿದ್ದರು. "ತೋಳು ಕೂಡಿಸೋದರ ಬಗ್ಗೆ," ಎಂದರು. "ಅವನು ಹಿಂದಿನಿಂದ ಶುರುಮಾಡ್ತಾನೆ, ನಾನು ಮುಂದಿನಿಂದ. ದೊಡ್ಡ ಜಗಳ. ಇನ್ನೂ ಮುಗಿದಿಲ್ಲ. ನಾಳೆ ಬೇಗ ತಿಂಡಿ ಮಾಡೋಕೆ ಹೇಳು ಅಳಿಯಂದ್ರಿಗೆ."

ಒಳಗಿನಿಂದ ಕೋಚು ಸೀಟಿ ಊದಿ, ಆಗಲಿ ಎಂದ.